ಏಳನೇ ಪಾಯಿಂಟ್

ನನ್ನ ಆಟೋ ಗಾಜಿಗೆ ಅಂಟಿಸಿದ ಚೀಟಿಯಲ್ಲಿ ಆರು ಹೆಸರು,
ಆರಕ್ಕೂ ಸೇರಿ ಒಂಬೈನೂರು:
ರಾಜಾಸೀಟು, ಕೋಟೆ, ಗದ್ದಿಗೆ, ಓಂಕಾರೇಶ್ವರ, ಅಬ್ಬಿ,
ಕೊನೆಗೆ ಭಾವನ ಸಾಂಬಾರ ಪದಾರ್ಥದ ಅಂಗಡಿ.
ಅದೂ ಒಂದು ಪಾಯಿಂಟೇ,
ಏಲಕ್ಕಿ ಕೊಂಡರೆ ನನಗೆ ನೂರಕ್ಕೆ ಹತ್ತು.

ಹದಿನೇಳು ವರ್ಷದಿಂದ ಅದೇ ತಿರುವಿನಲ್ಲಿ ಅದೇ ಮಾತು:
"ಇಲ್ಲಿ ಕೂತು ರಾಜರು ಸೂರ್ಯ ಮುಳುಗೋದು ನೋಡ್ತಿದ್ರು."
"ಆ ಎರಡಾನೆ ಗಾರೆಯವು, ತಟ್ಟಿ ನೋಡಿ, ಕಚ್ಚಲ್ಲ."
"ಗುಮ್ಮಟ ನೋಡಿ ಮಸೀದಿ ಅನ್ಕೋಬೇಡಿ,
ಒಳಗೆ ಮಲಗಿರೋದು ದೊರೆಗಳು."
ನಾಲಿಗೆ ತಾನೇ ಗೇರು ಬದಲಿಸುತ್ತದೆ.
ನಾನು ಒಳಗೊಳಗೇ ಈ ತಿಂಗಳ ಕಂತು ಎಣಿಸುತ್ತಿರುತ್ತೇನೆ.

ಆವತ್ತು ಆಗಸ್ಟು.
ಬಸ್ಸಿನಿಂದ ಒಬ್ಬರೇ ಇಳಿದರು,
ಮುದ್ದೇಬಿಹಾಳದ ಕಾಶೀಬಾಯಿ ಅಕ್ಕೋರು.
ಹೊಸ ಕೊಡೆ, ಕಡ್ಡಿಗೆ ಬೆಲೆಚೀಟಿ ಇನ್ನೂ ತೂಗುತ್ತಿತ್ತು.
ಮೂವತ್ತೊಂದು ವರ್ಷ ಭೂಗೋಳ ಕಲಿಸಿದವರಂತೆ.
"ನಕಾಶೆದಾಗ ನಿಮ್ಮ ಜಿಲ್ಲಾ ತೋರಸಿ ತೋರಸಿ
ಕೋಲಿನ ತುದಿಗೆ ಕಾಗದ ತೂತ ಬಿತ್ತು, ತಮ್ಮಾ.
ಹೊಳಿ ಹುಟ್ಟೋ ಜಾಗಾದಾಗ ಗ್ವಾಡಿ ಕಾಣತಿತ್ತು."

ರಾಜಾಸೀಟಿನಲ್ಲಿ ಬಿಳಿ. ಬರೀ ಬಿಳಿ.
ಬಾಡಿಗೆಯ ಕುಪ್ಯ ತೊಟ್ಟ ಹುಡುಗನೊಬ್ಬ
ಪೀಚೆಕತ್ತಿ ಯಾವ ಕಡೆಗೆ ಸಿಕ್ಕಿಸುವುದೆಂದು ಕೇಳುತ್ತಿದ್ದ.
ನಾನು ಕೈ ಚಾಚಿದೆ: "ಅಲ್ಲಿ ಗದ್ದೆ,
ಅಲ್ಲಿ ಮಂಗಳೂರು ರಸ್ತೆ, ಆಚೆ ಬೆಟ್ಟದ ಹಿಂದೆ ಬೆಟ್ಟ."
ಏನೂ ಕಾಣದ ಕಡೆ ಬೆರಳು ತೋರಿಸಿ ದುಡ್ಡು ಪಡೆಯುವಾಗ
ನಾನೂ ಪೂಜಾರಿಯೇ ಅನಿಸುತ್ತದೆ ಒಮ್ಮೊಮ್ಮೆ.

ಅಕ್ಕೋರು ಬೆರಳು ನೋಡಲಿಲ್ಲ,
ಕಾಲ ಬಳಿಯ ಚರಂಡಿ ನೋಡಿದರು.
"ಈ ನೀರು ಎತ್ತ ಹೋಗತೈತಿ?"
"ಕೆಳಕ್ಕೆ."
"ಯಾವ ಕೆಳಕ್ಕ?"

ಹದಿನೇಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ನಿಮ್ಮೂರು ನಡುಬೆನ್ನಿನ ಮ್ಯಾಲ ಕುಂತೈತಿ.
ಈ ಕಡಿ ಬಿದ್ದದ್ದು ಪಯಸ್ವಿನಿ ಹಿಡಿದು ಅರಬ್ಬಿಗೆ,
ಆ ಕಡಿ ಬಿದ್ದದ್ದು ಹಾರಂಗಿ, ಕಾವೇರಿ, ಬಂಗಾಳ ಕೊಲ್ಲಿಗೆ.
ಎಲ್ಲೋ ಒಂದು ಕಡಿ ಒಡೀಬೇಕಲ್ಲ?
ಅದನ್ನ ತೋರಸು. ಆನಿ ಇರಲಿ."

ಮೊದಲ ಗೇರಿನಲ್ಲಿ ಊರೆಲ್ಲ ಸುತ್ತಿದೆವು, ಚರಂಡಿ ನೋಡುತ್ತಾ.
ಹಣ್ಣಿನಂಗಡಿಯವನು ಕೇಳಿದ: "ಏನು ಬಿತ್ತು ಜೋಯಪ್ಪಣ್ಣ, ಉಂಗುರವಾ?"
ನೀರು ಒಂದು ಓಣಿಯಲ್ಲಿ ಎದುರು ಬರುತ್ತಿತ್ತು,
ಇನ್ನೊಂದರಲ್ಲಿ ಬೆನ್ನು ತೋರಿಸಿ ಓಡುತ್ತಿತ್ತು.
ಹಿಂದೆ, ಮುಂದೆ, ಮತ್ತೆ ಹಿಂದೆ.
ಕೊನೆಗೆ ಏರಿನ ನೆತ್ತಿಯಲ್ಲಿ
ಹಂಸನ ಪಂಕ್ಚರ್ ಅಂಗಡಿ,
ತಗಡಿನ ಎರಡಿಳಿಜಾರು ಮಾಡು.

ಎಡಮಾಡಿನದು ಪಡುವಣ ಚರಂಡಿಗೆ.
ಬಲಮಾಡಿನದು ಟ್ಯೂಬು ಅದ್ದುವ ಡ್ರಮ್ಮಿಗೆ,
ಡ್ರಮ್ಮು ತುಂಬಿ ಪಕ್ಕದವರ ಅಂಗಳಕ್ಕೆ.
"ಅದಕ್ಕೇ ಕೇಸು ನಡೀತಿದೆ, ಆರು ವರ್ಷ ಆಯ್ತು," ಎಂದ ಹಂಸ.
ಬಂಗಾಳ ಕೊಲ್ಲಿಯ ಮೇಲೆ ತಡೆಯಾಜ್ಞೆ ಇದೆ
ಎಂದು ನನಗೆ ಆವತ್ತೇ ತಿಳಿದದ್ದು.

ತೂತು ಗುರುತಿಸುವ ಸೀಮೆಸುಣ್ಣ ಕೇಳಿ ಪಡೆದರು ಅಕ್ಕೋರು.
ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಗ್ಗಿ,
ಒದ್ದೆ ಸಿಮೆಂಟಿನ ಮೇಲೆ ಒಂದು ಗೆರೆ ಎಳೆದರು.
ಕೈ ನಡುಗಲಿಲ್ಲ. ಗೆರೆ ನಿಲ್ಲಲಿಲ್ಲ.
ಅರ್ಧ ಬಿಳುಪು ಆ ಕಡೆ, ಅರ್ಧ ಈ ಕಡೆ
ಹಾಲಿನಂತೆ ಕದಡಿ ಹೋಯಿತು.
"ಇದ ಜಾಗಾ ಅಂತ ಖಾತ್ರಿ ಇಲ್ಲ ಬಿಡು," ಅಂದರು,
"ಸರ್ವೇದವರು ಬ್ಯಾರೆ ಹೇಳಬಹುದು."
ಮುಖ ಮಾತ್ರ ಬೇರೆ ಹೇಳುತ್ತಿತ್ತು.

ಅಬ್ಬಿ ಬೇಡವೆಂದರು. ಏಲಕ್ಕಿಯೂ ಬೇಡ.
ಒಂಬೈನೂರು ಪೂರ್ತಿ ಎಣಿಸಿ ಕೊಟ್ಟು,
ಬೆಳಿಗ್ಗೆ ತಲಕಾವೇರಿಗೆ ಬಸ್ಸು ಎಷ್ಟು ಗಂಟೆಗೆ ಎಂದರು.
ಕಾಗದ ಹರಿದ ಜಾಗಕ್ಕೆ, ನಾನು ಅಂದುಕೊಂಡೆ.

ಈಗಲೂ ಆರೇ ಪಾಯಿಂಟು.
"ಇನ್ನೇನಿದೆ ನೋಡೋಕೆ?" ಎಂದು ಜನ ಕೇಳಿದಾಗ
ಏಳನೆಯದು ನಾಲಿಗೆಯ ತುದಿಗೆ ಬರುತ್ತದೆ.
ಮಳೆ ಹುಡ್ಡಿನ ಎರಡೂ ಕಡೆಯಿಂದ ಇಳಿಯುತ್ತಿರುತ್ತದೆ,
ಒಂದು ಕಡೆಯದು ನನ್ನ ಚಪ್ಪಲಿ ತೋಯಿಸುತ್ತದೆ.
ಏನೂ ಹೇಳದೆ
ಭಾವನ ಅಂಗಡಿಯ ಮುಂದೆ ಬ್ರೇಕು ಹಾಕುತ್ತೇನೆ.